ಎತ್ತರವೇ ಗೌರವವೆ?

ಬೆಂಗಳೂರಿನ ರಾಷ್ಟ್ರೀಯ ಸೈನಿಕ ಸ್ಮಾರಕದಲ್ಲಿ 75 ಅಡಿ ಎತ್ತರದ ಏಕಶಿಲೆಯೊಂದನ್ನು ನಿಲ್ಲಿಸಿ, ಅದಕ್ಕೆ ‘ವೀರಗಲ್ಲು’ ಎಂದು ಹೆಸರಿಟ್ಟಿದ್ದಾರೆ. ಹೆಸರು ನಮ್ಮದು, ಗುಣ ನಮ್ಮದಲ್ಲ.

ಕನ್ನಡನಾಡಿನ ವೀರಗಲ್ಲು ಸಾಮಾನ್ಯವಾಗಿ ಆಳೆತ್ತರವನ್ನು ಮೀರಿದುದಲ್ಲ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನೊಯ್ಯುವ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ. ಅಕ್ಷರವರಿಯದವನೂ ಓದಬಲ್ಲ ಕಥೆಯದು. ಶಾಸನವಿದ್ದರೆ ಸತ್ತವನ ಹೆಸರು, ಕಾದಿದ ಕಾರಣ ಕೂಡ ತಿಳಿಯುತ್ತವೆ. ಸುಮಾರು ಕ್ರಿ.ಶ. 950ರ ಆತಕೂರಿನ ಕಲ್ಲು, ಹಂದಿಯೊಡನೆ ಹೋರಾಡಿ ಸತ್ತ ‘ಕಾಳಿ’ ಎಂಬ ನಾಯಿಯನ್ನು ಸಹ ಹೆಸರು ಹಿಡಿದು ನೆನೆದಿದೆ!

ಬೆಂಗಳೂರಿನ ಸ್ಮಾರಕದಲ್ಲಿಯೂ ಮಡಿದ ಸಾವಿರಾರು ಯೋಧರ ಹೆಸರುಗಳನ್ನು ಕೆತ್ತಿಲ್ಲವೆ ಎಂದು ಕೇಳಬಹುದು. ಕೆತ್ತಿದ್ದಾರೆ, ಅದು ಮೆಚ್ಚತಕ್ಕ ಮಾತೇ. ಆದರೆ ನಮ್ಮ ಹೊಳೆಮಣ್ಣೂರಿನಂಥ ಹಳ್ಳಿಯಲ್ಲಿ ಮಗನನ್ನು ಕಳೆದುಕೊಂಡ ತಾಯಿ, ಆ ಹೆಸರನ್ನು ಕೈಯಿಂದ ಮುಟ್ಟಬೇಕೆಂದರೆ ರಾಜಧಾನಿಗೆ ಹೋಗಬೇಕೆ? ಹಿಂದಿನವರು ವೀರನ ನೆನಪನ್ನು ಊರ ನಡುವೆ ನೆಟ್ಟರು. ನಾವು ಅದನ್ನು ಉದ್ಯಾನದೊಳಗೆ ಕೂಡಿಟ್ಟಿದ್ದೇವೆ.

ಇನ್ನೂ ಎತ್ತರದ ಕಲ್ಲು ನಮಗೆ ಬೇಡ. ಮಡಿದವನ ಊರ ಅಗಸಿಯ ಬಳಿ ಆಳೆತ್ತರದ ಒಂದು ಕಲ್ಲು ನಿಲ್ಲಲಿ. ಅವನ ಹೆಸರು, ಕಾದಿದ ನೆಲ, ಮಡಿದ ವರ್ಷ ಅದರ ಮೇಲಿರಲಿ. ಕೆತ್ತುವ ಕೆಲಸ ನಮ್ಮ ಶಿಲ್ಪಿಗಳಿಗೆ ಸಿಗಲಿ. ಶಾಲೆಗೆ ಹೋಗುವ ಮಗು ತಲೆಯೆತ್ತಿ ಬೆರಗಾಗುವುದಕ್ಕಿಂತ, ನಿಂತು ಓದುವುದು ಮೇಲು.