ಸಾಲಿ ಕಟ್ಟಿದ್ರು, ಮಾಸ್ತರ ಪಗಾರ?

ವೈನಿ, ಮೌಶಿ, ಬಾಜೂ ಮನಿ ಅಕ್ಕಾರ, ಸ್ವಲ್ಪ ಕೇಳ್ರಿ. 2011ರ ಒಂದು ಜಪಾನಿ ಸಿನೆಮಾ. ನಾವು ಜಗತ್ತನ್ನ ಬದಲಿಸಲಾರೆವು ಅಂತ ಅದರ ಹೆಸರಿನ ಅರ್ಥ. ಕೆಂಟಾ ಫುಕಾಸಾಕು ಮಾಡಿದ್ದು. ಡಾಕ್ಟರಕಿ ಓದೋ ಹುಡುಗ, 15 ಲಕ್ಷ ಯೆನ್ ಇದ್ರ ಕಾಂಬೋಡಿಯಾದಾಗ ಒಂದು ಸಾಲಿ ಆಗ್ತದ ಅನ್ನೋ ಕಾಗದ ನೋಡಿ, ಗೆಳೆಯಾರನ್ನ ಕಟಗೊಂಡು ಕ್ಲಬ್ಬಿನಾಗ ಪಾರ್ಟಿ ಮಾಡಿ ರೊಕ್ಕ ಕೂಡಿಸ್ತಾನ. ಖರೇ ನಡೆದದ್ದರ ಮ್ಯಾಲಿಂದ ಮಾಡಿದ ಕತಿ.

"ಕುಣದು ರೊಕ್ಕ ಕೂಡಿಸೋದು ಯಾವ ಸೇವಾರೀ?" ಅಂತ ಮೂಗು ಮುರೀಬ್ಯಾಡ್ರಿ. ರೊಕ್ಕಕ್ಕ ಮೈಲಿಗಿ ಇಲ್ಲ. ನನ್ನ ತಕರಾರು ಬ್ಯಾರೇನ ಅದ.

ಆ ಹುಡುಗರು ನೋಮ್ ಪೆನ್‌ದಾಗ ತೋಲ್ ಸ್ಲೆಂಗ್ ನೋಡ್ಲಿಕ್ಕೆ ಹೋಗ್ತಾರ. ಅದು ಮೊದಲ ಹೈಸ್ಕೂಲು. 1975ರಿಂದ 1979ರ ತನಕ ಆಳಿದ ಖ್ಮೇರ್ ರೂಜ್‌ನವರು ಅದನ್ನ ಜೇಲು ಮಾಡಿ, ಕ್ಲಾಸಿನ ಖೋಲಿಯೊಳಗ ಮಂದೀನ ಕಟ್ಟಿ ಚಿತ್ರಹಿಂಸೆ ಕೊಟ್ರು. ಓದಿದವರು ಅಂತ ಮಾಸ್ತರ ಮಂದೀನ್ನೂ ಕೊಂದ್ರು. ಗ್ವಾಡಿ ಇದ್ವಲ್ಲ ಅಲ್ಲೆ! ಖೋಲಿ, ಕಿಡಕಿ, ಅಂಗಳಾ, ಎಲ್ಲಾ ಇದ್ವು. ಕಲಿಸಾವ್ರು ಉಳೀಲಿಲ್ಲ.

ಇಷ್ಟು ತೋರಿಸಿದ ಸಿನೆಮಾ, ಹುಡುಗರ ಕಣ್ಣೀರಿಗೆ ಕೊಟ್ಟಷ್ಟು ಹೊತ್ತು ಮಾಸ್ತರಗ ಕೊಡಂಗಿಲ್ಲ. ತಿಂಗಳಾ ಪಗಾರ ಯಾರು ಕೊಡಬೇಕು? ಛತ್ತು ಸೋರಿದ್ರ ಯಾರು ಏರಬೇಕು? ನಮಗ ಇದು ಹೊಸಾದೇನಲ್ಲ ಬಿಡ್ರಿ. ಮನಿ ಕಟ್ಟಿಸಿದಾವನ ಹೆಸರು ಬಾಗಲಾ ಮ್ಯಾಲೆ ಕಲ್ಲಿನಾಗ. ನಲವತ್ತು ವರ್ಷ ಅದೇ ಮನಿ ಕಸಾ ಹೊಡದಾಕಿ ಹೆಸರು ರೇಶನ್ ಕಾರ್ಡಿನಾಗ.

ಇನ್ನೊಮ್ಮೆ ಯಾರರೆ ಸಾಲಿ ಕಟ್ಟಡಕ್ಕ ಅಂತ ಪಾವತಿ ಪುಸ್ತಕ ಹಿಡಕೊಂಡು ಬಂದ್ರ ಚಹಾ ಕೊಡ್ರಿ, ಕೂಡಸ್ರಿ, ಮಾಸ್ತರ ಪಗಾರದ ಲೆಕ್ಕ ಕೇಳಿ ಆಮ್ಯಾಲೆ ಪರ್ಸ್ ತಗೀರಿ.