ವಿಕಲಾಂಗ ವಿದ್ಯಾರ್ಥಿಗಳ ವೇತನವೂ ನಮ್ಮ ಗುಮಾಸ್ತರೂ

ಮಳೆಗಾಲದೊಂದಿಗೆ ಶಾಲೆಗಳೂ ತೆರೆದವೆಂದರೆ ಠಾಣೆಯಿಂದ ಕಲ್ಯಾಣದವರೆಗೆ ನಮ್ಮ ಸಂಘಸಂಸ್ಥೆಗಳಲ್ಲಿ ಪುಸ್ತಕ ವಿತರಣೆ, ವಿದ್ಯಾರ್ಥಿವೇತನ ವಿತರಣೆ, ಪ್ರತಿಭಾ ಪುರಸ್ಕಾರಗಳ ಸುಗ್ಗಿ ಆರಂಭವಾಗುವುದು. ಇದು ಸ್ತುತ್ಯವಾದ ಪದ್ಧತಿ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿ ಮುಂದೆ ಬಂದವರು, ತಮಗೆ ನೆರವಾದವರ ಋಣವನ್ನು ತಮ್ಮ ಹಿಂದಿನಿಂದ ಬರುವವರಿಗೆ ಸಲ್ಲಿಸುವ ಕ್ರಮವಿದು. ಆದರೆ ಈ ಸಮಾರಂಭಗಳ ವರದಿಗಳನ್ನು ವರ್ಷಾನುವರ್ಷ ಓದುತ್ತ ಬಂದವರಿಗೆ ಒಂದು ಸಂಗತಿ ಕಣ್ಣಿಗೆ ಬೀಳದಿರದು. ನೂರಕ್ಕೆ ತೊಂಬತ್ತು ಅಂಕ ಪಡೆದವರ ಹೆಸರುಗಳು ಅಲ್ಲಿ ಸಾಲಾಗಿ ಬರುತ್ತವೆ. ಕಣ್ಣು ಕಾಣದ, ಕಿವಿ ಕೇಳದ, ನಡೆಯಲಾರದ ಮಕ್ಕಳ ಹೆಸರುಗಳು ಅಪರೂಪ. ಅಂಥ ಮಕ್ಕಳು ನಮ್ಮ ಮನೆಗಳಲ್ಲಿ ಇಲ್ಲವೆಂದು ಯಾರೂ ಹೇಳಲಾರರು.

ಈ ಮಕ್ಕಳ ಓದಿಗೆ ಸರಕಾರದ ನೆರವುಂಟು. ಅದು ಯಾರ ಕೃಪೆಯೂ ಅಲ್ಲ, ಕಾನೂನಿನಿಂದ ಬಂದ ಹಕ್ಕು. 1995ರ ಹಳೆಯ ಕಾನೂನು ಏಳು ಬಗೆಯ ವೈಕಲ್ಯಗಳನ್ನಷ್ಟೇ ಗಣಿಸಿತ್ತು. 2016ರಲ್ಲಿ ಅಂಗೀಕೃತವಾಗಿ 2017ರ ಏಪ್ರಿಲಿನಲ್ಲಿ ಜಾರಿಗೆ ಬಂದ ವಿಕಲಾಂಗರ ಹಕ್ಕುಗಳ ಅಧಿನಿಯಮವು 21 ಬಗೆಗಳನ್ನು ಹೆಸರಿಸುತ್ತದೆ. ಹೊರಗಿನಿಂದ ನೋಡಿದವರಿಗೆ ಏನೂ ತೋರದ ತಲಸ್ಸೇಮಿಯಾ, ಹಿಮೋಫಿಲಿಯಾ, ಕಲಿಕೆಯ ನಿರ್ದಿಷ್ಟ ತೊಡಕು ಮೊದಲಾದವೂ ಅದರಲ್ಲಿ ಸೇರಿವೆ. ವೈಕಲ್ಯವು ಶೇಕಡಾ 40 ಅಥವಾ ಅದಕ್ಕೆ ಮೇಲ್ಪಟ್ಟಿದ್ದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ. ಸರಕಾರಿ ಹಾಗೂ ಅನುದಾನಿತ ಉಚ್ಚ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡಾ 5ಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನಗಳು. ಪ್ರವೇಶದ ವಯೋಮಿತಿಯಲ್ಲಿ 5 ವರ್ಷಗಳ ಸಡಿಲಿಕೆ. ಅಂಗವಿಕಲ ಎಂಬ ಶಬ್ದ ಹೋಗಿ ವಿಕಲಚೇತನ ಬಂತು, ಅದರ ಮಗ್ಗುಲಲ್ಲೇ ದಿವ್ಯಾಂಗ ಬಂತು. ಹೆಸರು ಬದಲಾದಷ್ಟು ಸುಲಭವಾಗಿ ಅರ್ಜಿಯ ದಾರಿ ಬದಲಾಗಲಿಲ್ಲವೆಂಬುದು ಬೇರೆ ಮಾತು.

ಹಣದ ರೂಪದ ನೆರವನ್ನು ಕೇಂದ್ರ ಸರಕಾರವು ರಾಷ್ಟ್ರೀಯ ವಿದ್ಯಾರ್ಥಿವೇತನ ಜಾಲತಾಣದ ಮೂಲಕ ಕೊಡುತ್ತದೆ. ಒಂಬತ್ತು ಹತ್ತನೆಯ ತರಗತಿಗಳಿಗೊಂದು ಯೋಜನೆ, ಹನ್ನೊಂದರಿಂದ ಸ್ನಾತಕೋತ್ತರದವರೆಗೆ ಇನ್ನೊಂದು, ಆಯ್ದ ಶ್ರೇಷ್ಠ ಸಂಸ್ಥೆಗಳಲ್ಲಿ ಓದುವವರಿಗೆ ಮತ್ತೊಂದು. 2018ರ ಮಾರ್ಗಸೂಚಿಯಂತೆ ಮನೆಯಿಂದ ಶಾಲೆಗೆ ಹೋಗುವ ಒಂಬತ್ತನೆಯ ತರಗತಿಯ ವಿದ್ಯಾರ್ಥಿಗೆ ತಿಂಗಳಿಗೆ 500 ರೂಪಾಯಿ, ಪುಸ್ತಕಕ್ಕೆ ವರ್ಷಕ್ಕೆ 1000, ಇದರ ಮೇಲೆ ವೈಕಲ್ಯ ಭತ್ಯೆಯೆಂದು 2000 ಅಥವಾ 4000. ಕಾಲೇಜಿನ ಹಂತದಲ್ಲಿ ಬೋಧನಾ ಶುಲ್ಕವನ್ನೂ ಒಂದು ಮಿತಿಯವರೆಗೆ ಹಿಂದಿರುಗಿಸುತ್ತಾರೆ. ಮಹಾರಾಷ್ಟ್ರ ಸರಕಾರದ ಯೋಜನೆಯು ಮಹಾಡಿಬಿಟಿ ಎಂಬ ತಾಣದಲ್ಲಿ ಪ್ರತ್ಯೇಕವಾಗಿದೆ. 2022ರ ಡಿಸೆಂಬರದಲ್ಲಿ ಈ ರಾಜ್ಯವು ದಿವ್ಯಾಂಗ ಕಲ್ಯಾಣಕ್ಕೆಂದೇ ಬೇರೊಂದು ಇಲಾಖೆಯನ್ನು ತೆರೆಯಿತು. ಒಂದೇ ವಿದ್ಯಾರ್ಥಿ ಕೇಂದ್ರದ ವೇತನವನ್ನೂ ಇನ್ನೊಂದು ಸರಕಾರಿ ವೇತನವನ್ನೂ ಕೂಡಿ ಉಣ್ಣುವಂತಿಲ್ಲ, ಒಂದನ್ನು ಆರಿಸಿಕೊಳ್ಳಬೇಕು. ಮೊತ್ತ ದೊಡ್ಡದಲ್ಲವೆಂದು ಮೂಗು ಮುರಿಯುವವರಿದ್ದಾರೆ. ಡೊಂಬಿವಲಿಯಲ್ಲಿ ಒಂದು ಕೋಣೆಯ ಬಾಡಿಗೆ ಕೊಟ್ಟು, ಉಳಿದುದರಲ್ಲಿ ಮಗುವಿನ ಶ್ರವಣಯಂತ್ರಕ್ಕೆ ಬ್ಯಾಟರಿ ಕೊಳ್ಳುವ ತಂದೆ ಹಾಗೆ ಮೂಗು ಮುರಿಯುವವನಲ್ಲ.

ಇನ್ನು ನಾವು ಹೇಳಬೇಕಾದ ಮುಖ್ಯ ವಿಷಯಕ್ಕೆ ಬರೋಣ. ಕೇಂದ್ರದ ಮೊದಲ ಎರಡು ಯೋಜನೆಗಳಿಗೆ ತಂದೆತಾಯಿಯರ ವಾರ್ಷಿಕ ಆದಾಯ ಎರಡೂವರೆ ಲಕ್ಷ ರೂಪಾಯಿಗಳನ್ನು ಮೀರಿರಬಾರದು. ತಿಂಗಳ ಲೆಕ್ಕದಲ್ಲಿ ಇದು ಇಪ್ಪತ್ತೊಂದು ಸಾವಿರಕ್ಕೂ ಒಳಗೆ. ಬ್ಯಾಂಕು, ವಿಮೆ, ಕಂಪೆನಿಗಳಲ್ಲಿ ಸ್ಥಿರವಾದ ಉದ್ಯೋಗದಲ್ಲಿರುವ ನಮ್ಮ ಗುಮಾಸ್ತನು ಬಹುಮಟ್ಟಿಗೆ ಈ ಗೆರೆಯ ಮೇಲೆಯೇ ಇರುತ್ತಾನೆ. ಅವನಲ್ಲಿ ವೇತನಪತ್ರವಿದೆ, ಬಾಡಿಗೆಯ ಕರಾರಿದೆ, ಪಡಿತರ ಚೀಟಿಯಿದೆ, ಯಾವ ಕಚೇರಿಯ ಯಾವ ಕಿಟಿಕಿಯಲ್ಲಿ ಯಾರನ್ನು ಕೇಳಬೇಕೆಂಬ ತಿಳಿವಳಿಕೆಯಿದೆ, ಆದರೆ ಅರ್ಹತೆಯಿಲ್ಲ. ಹೋಟೆಲಿನ ಸಪ್ಲೈಯರನಿಗೆ, ಅಡಿಗೆಯವನಿಗೆ ಅರ್ಹತೆ ಧಾರಾಳವಾಗಿದೆ, ಆದರೆ ಅದನ್ನು ಸಿದ್ಧಪಡಿಸುವ ಒಂದು ತುಂಡು ಕಾಗದವೂ ಕೈಯಲ್ಲಿಲ್ಲ. ಸಂಬಳ ಕೈಗೆ ಬರುವುದು, ಊಟ ಹೋಟೆಲಿನದು, ಪಡಿತರ ಚೀಟಿ ಕುಂದಾಪುರದ ಮನೆಯಲ್ಲಿ ಅಣ್ಣನ ಹೆಸರಿನ ಕೆಳಗೆ. ಯೋಜನೆ ಯಾರಿಗಾಗಿ ಹುಟ್ಟಿತೋ ಅವರಿಗೇ ಅದು ಎಟುಕದೆ ಹೋಗುವುದು ಹೀಗೆ.

ಬೇಕಾಗುವ ಕಾಗದಗಳನ್ನು ಒಂದೊಂದಾಗಿ ನೋಡಿದರೆ ತೊಡಕು ಎಲ್ಲಿದೆಯೆಂಬುದು ತಿಳಿಯುವುದು. ಮೊದಲನೆಯದು ವೈಕಲ್ಯದ ಪ್ರಮಾಣಪತ್ರ ಮತ್ತು ಯುಡಿಐಡಿ ಎಂಬ ಗುರುತಿನ ಚೀಟಿ. 2021ರ ಜೂನಿನಿಂದ ಇದಕ್ಕೆ ಜಾಲತಾಣದಲ್ಲಿಯೇ ಅರ್ಜಿ ಹಾಕತಕ್ಕದ್ದು. ತರುವಾಯ ವೈದ್ಯಮಂಡಳಿಯ ಮುಂದೆ ಹೋಗಬೇಕು. ಡೊಂಬಿವಲಿ, ಕಲ್ಯಾಣ, ವಾಶಿ, ನೆರೂಳ್, ಬೇಲಾಪುರಗಳು ಠಾಣೆ ಜಿಲ್ಲೆಗೆ ಸೇರಿದವು. ಆದರೆ ನವಿ ಮುಂಬಯಿಯೆಂದೇ ನಾವು ಕರೆಯುವ ಖಾರ್ಘರ್, ಕಾಮೋಠೆ, ಪನ್ವೇಲಗಳು ರಾಯಗಡ ಜಿಲ್ಲೆಯವು. ಅವುಗಳ ಜಿಲ್ಲಾ ಕೇಂದ್ರ ದೂರದ ಅಲಿಬಾಗ. ಬೇಲಾಪುರದಿಂದ ಒಂದೇ ನಿಲ್ದಾಣ ಮುಂದೆ ಮನೆ ಮಾಡಿದವನಿಗೆ ಜಿಲ್ಲೆಯೇ ಬದಲಾಗಿದೆ. ಇದನ್ನರಿಯದೆ ಠಾಣೆಗೆ ಹೋದವನು ಒಂದು ದಿನದ ಸಂಬಳವನ್ನೂ ಕಳೆದುಕೊಂಡು ಹಿಂದಿರುಗಬೇಕಾದೀತು.

ಆಧಾರ ಚೀಟಿಯಲ್ಲಿ ಇನ್ನೂ ಊರಿನ ವಿಳಾಸವಿರುವವರ ಕಷ್ಟ ಬೇರೆ. ವಿಳಾಸ ಯಾವ ಜಿಲ್ಲೆಯದೋ ಅಲ್ಲಿಯೇ ಪರೀಕ್ಷೆಯಾಗಬೇಕೆಂಬ ಮಾತನ್ನು ಕೇಳಿ, ಮಗುವನ್ನು ಕಟ್ಟಿಕೊಂಡು ಉಡುಪಿಗೆ ಹೊರಡಬೇಕೆಂದು ತಿಳಿದವರುಂಟು. 2017ರ ನಿಯಮಗಳಲ್ಲಿ ಇನ್ನೊಂದು ದಾರಿಯಿದೆ: ಆ ವೈಕಲ್ಯಕ್ಕೆ ಯಾವ ಸರಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ನಡೆದಿದೆಯೋ ಅಲ್ಲಿಯ ವೈದ್ಯಾಧಿಕಾರಿಗೂ ಅರ್ಜಿ ಕೊಡಬಹುದು. ಹಾಗೆಯೇ ಊರಿನಲ್ಲಿ ಮೊದಲೇ ಮಾಡಿಸಿದ ಪ್ರಮಾಣಪತ್ರ ಇಲ್ಲಿ ನಡೆಯುವುದಿಲ್ಲವೆಂದು ಯಾರಾದರೂ ಹೇಳಿದರೆ ಒಪ್ಪಬೇಕಾಗಿಲ್ಲ. ಅಧಿನಿಯಮದ 58ನೆಯ ಕಲಮು ಅದು ದೇಶಾದ್ಯಂತ ಮಾನ್ಯವೆಂದು ಸ್ಪಷ್ಟವಾಗಿ ಹೇಳುತ್ತದೆ.

ಎರಡನೆಯದು ನಿವಾಸದ ಪ್ರಶ್ನೆ. ರಾಜ್ಯದ ಯೋಜನೆ ಮಹಾರಾಷ್ಟ್ರದ ನಿವಾಸಿಗಳಿಗೆ. ಇಲ್ಲಿಯ ಅಧಿವಾಸದ ಪ್ರಮಾಣಪತ್ರಕ್ಕೆ 15 ವರ್ಷಗಳ ವಾಸ್ತವ್ಯವನ್ನು ತೋರಿಸಬೇಕು. ಹನ್ನೊಂದು ತಿಂಗಳಿಗೊಮ್ಮೆ ಕೋಣೆ ಬದಲಿಸುತ್ತ ದಿವಾದಿಂದ ಠಾಕುರ್ಲಿಗೆ, ಠಾಕುರ್ಲಿಯಿಂದ ಕಲ್ಯಾಣಕ್ಕೆ ಸರಿದವನು ಇಪ್ಪತ್ತೈದು ವರ್ಷ ಇಲ್ಲಿಯೇ ಬೆವರು ಸುರಿಸಿದ್ದರೂ ಹದಿನೈದನ್ನು ಕಾಗದದ ಮೇಲೆ ತೋರಿಸಲಾರನು. ಹಳೆಯ ಬಾಡಿಗೆ ಕರಾರು, ವಿದ್ಯುತ್ ಬಿಲ್ಲು, ಮಗುವಿನ ಶಾಲೆಯ ದಾಖಲೆ ಇವುಗಳನ್ನು ತಗಡಿನ ಪೆಟ್ಟಿಗೆಯಲ್ಲಿ ಕಾಪಾಡಿಕೊಂಡು ಬಂದ ಗೃಹಿಣಿಯು ಆ ಸಂಸಾರಕ್ಕೆ ದೊಡ್ಡ ಆಸ್ತಿ.

ಮೂರನೆಯದು ಆದಾಯದ ದಾಖಲೆ. ಇದನ್ನು ಕೊಡುವವರು ತಹಶೀಲ್ದಾರರು. ಡೊಂಬಿವಲಿಯವರಿಗೆ ಕಲ್ಯಾಣ ತಾಲೂಕು, ವಾಶಿ-ನೆರೂಳಿನವರಿಗೆ ಠಾಣೆ ತಾಲೂಕು. ವೇತನಪತ್ರವಿಲ್ಲದವನಿಗೆ ತಲಾಟಿಯ ವರದಿ ಬೇಕಾಗುತ್ತದೆ. ಇಲ್ಲಿ ನಮ್ಮ ಹೋಟೆಲು ಧನಿಗಳೊಡನೆ ಒಂದು ನಿಷ್ಠುರದ ಮಾತನ್ನಾಡದೆ ಗತಿಯಿಲ್ಲ. ಆಳು ತನ್ನ ಸಂಬಳವನ್ನು ಒಂದು ಕಾಗದದಲ್ಲಿ ಬರೆದುಕೊಡಿರೆಂದು ಕೇಳಿದಾಗ ಅನೇಕರು ಹಿಂದೆಗೆಯುತ್ತಾರೆ. ಬರೆದುಕೊಟ್ಟರೆ ಕನಿಷ್ಠ ವೇತನ, ಪ್ರಾವಿಡೆಂಟ್ ಫಂಡುಗಳ ಪ್ರಶ್ನೆ ಎದ್ದೀತೆಂಬ ಅಂಜಿಕೆ. ಸಂಘದ ವೇದಿಕೆಯಲ್ಲಿ ಸಾವಿರಾರು ರೂಪಾಯಿಗಳ ವಿದ್ಯಾರ್ಥಿವೇತನಕ್ಕೆ ದತ್ತಿಯಿಟ್ಟು ಶಾಲು ಹೊದೆಯಿಸಿಕೊಂಡವರು, ತಮ್ಮದೇ ಅಡಿಗೆಮನೆಯಲ್ಲಿ ದುಡಿಯುವವನ ಮಗಳಿಗೆ ಸರಕಾರದಿಂದ ಬರಬೇಕಾದುದು ನಾಲ್ಕು ಸಾಲಿನ ಪತ್ರವಿಲ್ಲದೆ ತಪ್ಪಿಹೋಗಲು ಬಿಟ್ಟರೆ ಆ ದಾನಕ್ಕೆ ಏನು ಅರ್ಥ?

ಹೆಸರಿನ ಗೋಜಲು ನಮ್ಮವರಿಗೆ ವಿಶೇಷವಾದುದು. ಮಹಾರಾಷ್ಟ್ರದ ಶಾಲೆಗಳಲ್ಲಿ ಮೊದಲು ಅಡ್ಡಹೆಸರು, ಬಳಿಕ ಮಗುವಿನ ಹೆಸರು, ಕೊನೆಗೆ ತಂದೆಯ ಹೆಸರು. ನಮ್ಮಲ್ಲಿ ಊರಿನ, ಮನೆಯ ಇನಿಶಿಯಲ್ಲುಗಳು. ತುಳುನಾಡಿನ ಅಳಿಯಸಂತಾನದ ಮನೆಗಳಲ್ಲಿ ತಂದೆ ಪೂಜಾರಿಯಾದರೆ ಮಗು ತಾಯಿಯ ಬಳಿ ಹಿಡಿದು ಸುವರ್ಣನೋ ಅಮೀನನೋ ಆಗಿರುವುದುಂಟು. ಜನನಪತ್ರದಲ್ಲಿ ಒಂದು, ಶಾಲೆಯಲ್ಲಿ ಇನ್ನೊಂದು, ಆಧಾರದಲ್ಲಿ ಮತ್ತೊಂದು; ಯಂತ್ರಕ್ಕೆ ಅಳಿಯಸಂತಾನ ತಿಳಿಯದು. ಹೆಸರು ಕೂಡದಿದ್ದರೆ ಅರ್ಜಿ ಹಿಂದಕ್ಕೆ ಬರುವುದು. ಎಲ್ಲ ಸರಿಯಾಗಿ ಸಲ್ಲಿಸಿದ ಮೇಲೂ ಶಾಲೆಯವರು ತಮ್ಮ ಖಾತೆಯಿಂದ ಅದನ್ನು ಪರಿಶೀಲಿಸಿ ಮುಂದಕ್ಕೆ ಕಳುಹಿಸಬೇಕು. ಗಡುವಿನೊಳಗೆ ಹಾಗೆ ಮಾಡದಿದ್ದರೆ ಅರ್ಜಿ ಅಲ್ಲಿಯೇ ಸಾಯುವುದು, ಮನೆಯವರು ಹಣ ಬರುವುದೆಂದು ಕಾಯುತ್ತಲೇ ಇರುವರು.

ಇವೆಲ್ಲಕ್ಕೂ ಮೊದಲು ದಾಟಬೇಕಾದ ಹೊಸ್ತಿಲು ಮನೆಯೊಳಗೇ ಇದೆ. ಮಗಳಿಗೆ ಕಿವಿ ಕೇಳದೆಂದು ಸರಕಾರದ ಚೀಟಿಯಲ್ಲಿ ಬರೆಸಿದರೆ ಮುಂದೆ ಮದುವೆಗೆ ಅಡ್ಡಿಯಾದೀತು, ಮಗನಿಗೆ ನೌಕರಿ ತಪ್ಪೀತು ಎಂಬ ಭೀತಿಯಿಂದ ಪ್ರಮಾಣಪತ್ರವನ್ನೇ ಮಾಡಿಸದ ಸಂಸಾರಗಳಿವೆ. ಈ ಭೀತಿಯನ್ನು ಅಜ್ಞಾನವೆಂದು ತಳ್ಳಿಹಾಕುವುದು ಸರಿಯಲ್ಲ. ಲೋಕ ಅವರಿಗೆ ಹಾಗೆಯೇ ನಡೆದು ತೋರಿಸಿದೆ. ವೈದ್ಯಕೀಯ ಪ್ರವೇಶದಲ್ಲಿ ಈ ಪ್ರಮಾಣಪತ್ರವನ್ನೇ ಹಿಡಿದು ಬಾಗಿಲು ಮುಚ್ಚಿದ ಪ್ರಕರಣವೊಂದು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಮಾತಿನ ವೈಕಲ್ಯವುಳ್ಳ ಮಹಾರಾಷ್ಟ್ರದ ವಿದ್ಯಾರ್ಥಿಯೊಬ್ಬನ ಆ ಮೊಕದ್ದಮೆಯಲ್ಲಿ 2024ರ ಅಕ್ಟೋಬರದಲ್ಲಿ ನ್ಯಾಯಾಲಯವು, ಶೇಕಡಾವಾರು ಅಂಕೆಯೊಂದರಿಂದಲೇ ಯಾರನ್ನೂ ಓದಿಗೆ ಅನರ್ಹರೆನ್ನಲಾಗದು, ಆತನು ಓದಬಲ್ಲನೇ ಎಂಬುದನ್ನು ಮಂಡಳಿ ಪ್ರತ್ಯೇಕವಾಗಿ ನಿರ್ಣಯಿಸಬೇಕು ಎಂದು ವಿಧಿಸಿತು. ಚೀಟಿಯನ್ನು ಮುಚ್ಚಿಟ್ಟವನಿಗೆ ಇಂಥ ವಾದ ಹೂಡುವ ನೆಲೆಯೇ ಇರುವುದಿಲ್ಲ.

ನಮ್ಮ ನಾಡಿನಲ್ಲಿ ಅಂಧ ಬಾಲಕರಿಗೆ ಗದುಗಿನ ವೀರೇಶ್ವರ ಪುಣ್ಯಾಶ್ರಮವು ಆಸರೆಯಾಯಿತು. ಸ್ವತಃ ದೃಷ್ಟಿಯಿಲ್ಲದ ಪಂಚಾಕ್ಷರಿ ಗವಾಯಿಗಳೂ ಅವರ ಬಳಿಕ ಪುಟ್ಟರಾಜ ಗವಾಯಿಗಳೂ ಅನ್ನ ಹಾಕಿ ವಿದ್ಯೆ ಕೊಟ್ಟರು. ಆ ಪುಣ್ಯವನ್ನು ಕನ್ನಡಿಗರು ಮರೆಯುವಂತಿಲ್ಲ. ಆದರೆ ಗವಾಯಿಗಳಂಥವರು ಎಲ್ಲೆಡೆ ಹುಟ್ಟುವುದಿಲ್ಲ. ಎಲ್ಲ ಮಕ್ಕಳಿಗೂ ಸಂಗೀತ ಒಲಿಯುವುದಿಲ್ಲ. ಕಲ್ಯಾಣದ ಹುಡುಗಿಗೆ ಲೆಕ್ಕಪತ್ರ ಓದುವ ಆಸೆಯಿದ್ದರೆ ಅವಳು ಯಾರ ಜೋಳಿಗೆಯನ್ನೂ ಕಾಯದೆ ಓದುವಂತಾಗಬೇಕು.

ಆದುದರಿಂದ ನಮ್ಮ ಸಂಘಗಳ ಮುಂದೆ ಒಂದು ಸಣ್ಣ ಸೂಚನೆಯನ್ನಿಡುತ್ತೇವೆ. ಪುಸ್ತಕ ವಿತರಣೆಯ ದಿನ ವೇದಿಕೆಯ ಬದಿಗೆ ಒಂದು ಮೇಜು ಹಾಕಿರಿ. ಅಲ್ಲಿ ಕಚೇರಿಯ ವ್ಯವಹಾರ ಬಲ್ಲ ಇಬ್ಬರು ಗುಮಾಸ್ತರು ಕುಳಿತುಕೊಳ್ಳಲಿ. ನಿವೃತ್ತರಾದವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ದಿನವಿಡೀ ಪರರ ಕಾಗದಗಳನ್ನು ಸರಿಪಡಿಸಿದ ಕೈಗಳು ಎರಡು ಭಾನುವಾರ ನಮ್ಮವರ ಕಾಗದಗಳನ್ನೂ ನೋಡಲಿ. ಅಂಕಗಳಿಗೆ ಇಟ್ಟ ನಿಧಿಯಲ್ಲಿ ಒಂದು ಪಾಲನ್ನು ಈ ಮಕ್ಕಳಿಗೆ ಮುಂಗಡವಾಗಿ ಕೊಡುವುದೂ ಸಾಧ್ಯ. ಸರಕಾರದ ಹಣ ಶಾಲೆಯ ಮೊದಲ ದಿನವೇ ಕೈಸೇರುವುದಿಲ್ಲ, ಶುಲ್ಕವನ್ನು ಮಾತ್ರ ಆಗಲೇ ಕಟ್ಟಬೇಕು.

ಮಹಾನಗರಪಾಲಿಕೆಗಳನ್ನೂ ಎಚ್ಚರಿಸಬೇಕಾಗಿದೆ. ಈ ರಾಜ್ಯದ ಸ್ಥಳೀಯ ಸಂಸ್ಥೆಗಳು ತಮ್ಮ ಸ್ವಂತ ಆದಾಯದಲ್ಲಿ ಶೇಕಡಾ 5ನ್ನು ವಿಕಲಾಂಗರಿಗಾಗಿ ವ್ಯಯಿಸತಕ್ಕದ್ದೆಂದು ಆದೇಶವಿದೆ. ವಾಶಿಯಲ್ಲಿ ನವಿ ಮುಂಬಯಿ ಪಾಲಿಕೆ ನಡೆಸುವ ಇಟಿಸಿ ಕೇಂದ್ರವು ಈ ದಿಶೆಯಲ್ಲಿ ಒಳ್ಳೆಯ ಮಾದರಿ. ಠಾಣೆಯಲ್ಲಿಯೂ ಕಲ್ಯಾಣ-ಡೊಂಬಿವಲಿಯಲ್ಲಿಯೂ ನಮ್ಮವರು ಮತ ಕೇಳಲು ಬಂದವರಿಗೆ ಹೂಮಾಲೆ ಹಾಕುವಾಗ, ಈ ಐದು ಪಾಲು ಎಲ್ಲಿ ಹೋಯಿತೆಂದು ಕೇಳಿದರೆ ತಪ್ಪಾಗದು.

ಮೇಜಿಗೆ ಬರುವವರು ತರಬೇಕಾದುದು ಇಷ್ಟು: ಮಗುವಿನ ಮತ್ತು ತಂದೆತಾಯಿಯರ ಆಧಾರ, ಜನನಪತ್ರ, ಶಾಲೆಯ ದಾಖಲೆ, ಆಸ್ಪತ್ರೆಯ ಹಳೆಯ ಚೀಟಿಗಳೆಲ್ಲ, ಆಧಾರಕ್ಕೆ ಜೋಡಿಸಿದ ಮಗುವಿನ ಬ್ಯಾಂಕು ಪುಸ್ತಕ, ಧನಿಯ ಪತ್ರ. ಧನಿಯ ಪತ್ರ ದೊರೆಯದವರು ಅದಿಲ್ಲದೆಯೇ ಬರಲಿ. ಅದನ್ನು ಕೇಳಿ ತರುವ ಕೆಲಸವನ್ನು ಸಂಘದ ಕಾರ್ಯದರ್ಶಿಗಳು ಮಾಡಬಹುದು.