ಕಾಣದ ಎದುರಾಳಿ

ಚಿಟಗುಪ್ಪದ ಮೈದಾನದಲ್ಲಿ ಕಬಡ್ಡಿ ನಡೆದರೆ ಕಣ್ಣಿಡುವವನು ಅಂಪೈರ್ ಒಬ್ಬನೇ ಅಲ್ಲ. ಗೆರೆ ತುಳಿದವನು ತುಳಿದಿಲ್ಲವೆಂದು ವಾದಿಸಿದರೆ ಸುತ್ತ ನಿಂತ ಹತ್ತು ಮಂದಿ ಕೂಗುತ್ತಾರೆ. ಅದೇ ಹುಡುಗ ಮನೆಯ ಮೂಲೆಯಲ್ಲಿ ಮೊಬೈಲ್ ಹಿಡಿದು ಆನ್‌ಲೈನ್ ಟೂರ್ನಿಗೆ ಕೂತರೆ? ಎದುರಾಳಿಯೂ ಕಾಣ, ಅಂಪೈರನೂ ಕಾಣ. ಪಕ್ಕದಲ್ಲಿ ಇನ್ನೊಂದು ಮೊಬೈಲ್ ಇದೆಯೇ ಎಂಬುದು ಅವನೊಬ್ಬನಿಗೇ ಗೊತ್ತು.

ಯುದ್ಧದ ಆಟಗಳಲ್ಲಿ ಬಲು ಹಳೆಯದು ಚದುರಂಗ. ಚಿಟಗುಪ್ಪಕ್ಕೆ ಅಷ್ಟೇನೂ ದೂರವಿಲ್ಲದ ಬಸವಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಅರಸರ ವಿನೋದಗಳ ನಡುವೆ ಈ ಆಟದ ವಿವರವೂ ಇದೆ. ಅಂದಿನಿಂದ ಕೆಲವು ಕಾಯಿಗಳ ನಡೆ ಬದಲಾದದ್ದುಂಟು. ಆದರೆ ಎದುರುಬದುರು ಕೂರುವ ಪದ್ಧತಿಯೇ ತಪ್ಪಿದ್ದು ಈಚೆಗೆ.

ಹಾಗೆ ತಪ್ಪಿದಾಗ ಏನಾಗುತ್ತದೆ ಎಂಬುದನ್ನು 2021ರ ಜೂನ್ 13 ತೋರಿಸಿತು. ಅಂದು ಅಕ್ಷಯಪಾತ್ರ ಪ್ರತಿಷ್ಠಾನದ ಕೋವಿಡ್ ಪರಿಹಾರ ಕಾರ್ಯಕ್ಕೆ ಹಣ ಕೂಡಿಸಲು, ಐದು ಬಾರಿಯ ವಿಶ್ವ ಚಾಂಪಿಯನ್ ವಿಶ್ವನಾಥನ್ ಆನಂದ್ ಹಲವು ಗಣ್ಯರೊಂದಿಗೆ ಆನ್‌ಲೈನಿನಲ್ಲಿ ಆಡಿದರು. ಆಮಿರ್ ಖಾನ್ ಇದ್ದರು, ಕನ್ನಡದ ಕಿಚ್ಚ ಸುದೀಪ್ ಇದ್ದರು. ಇವರ ನಡುವೆ ಆನಂದರನ್ನು ಸೋಲಿಸಿದವರು ಬೆಂಗಳೂರಿನ ಜೆರೋಧಾ ಕಂಪನಿಯ ಸಹಸ್ಥಾಪಕ ನಿಖಿಲ್ ಕಾಮತ್. ನೋಡಿದವರಿಗೆ ನಂಬಿಕೆ ಬರಲಿಲ್ಲ. ಮರುದಿನ ಕಾಮತ್ ಅವರೇ ಒಪ್ಪಿಕೊಂಡರು: ಆಟವನ್ನು ವಿಶ್ಲೇಷಿಸುವವರ ಮತ್ತು ಕಂಪ್ಯೂಟರಿನ ನೆರವು ಪಡೆದಿದ್ದೆ, ತಮಾಷೆಗೆಂದು ಮಾಡಿದ್ದು, ಕ್ಷಮಿಸಿ ಎಂದು. ತಾವು ಮಣೆಯ ಮೇಲಿದ್ದ ಆಟವನ್ನಷ್ಟೇ ಆಡಿದ್ದಾಗಿಯೂ ಎಲ್ಲರಿಂದ ಅದನ್ನೇ ನಿರೀಕ್ಷಿಸಿದ್ದಾಗಿಯೂ ಆನಂದ್ ಹೇಳಿ ಸುಮ್ಮನಾದರು. ಮುಚ್ಚಿದ್ದ ಕಾಮತರ ಖಾತೆ ಮತ್ತೆ ತೆರೆಯಿತು. ಅದು ರೇಟಿಂಗ್ ಇಲ್ಲದ ಆಟ, ಆನಂದರಿಗೂ ಮುಂದುವರಿಸುವ ಮನಸ್ಸಿಲ್ಲ ಎಂಬುದು ಕಾರಣ. ದೊಡ್ಡವರಿಗೆ ಇಷ್ಟು ಸಲೀಸು! ಬಹುಮಾನದ ಟೂರ್ನಿಯಲ್ಲಿ ಸಿಕ್ಕಿಬಿದ್ದ ಶಾಲೆಯ ಹುಡುಗನಿಗೆ ಈ ರಿಯಾಯಿತಿ ಸಿಗಲಾರದು.

ಕದ್ದದ್ದು ಗೊತ್ತಾಗುವುದು ಹೇಗೆ? 1997ರಲ್ಲಿ ಕ್ಯಾಸ್ಪರೋವ್‌ರನ್ನು ಸೋಲಿಸಲು ಬೀರು ಗಾತ್ರದ ಕಂಪ್ಯೂಟರ್ ಬೇಕಾಯಿತು. ಇಂದು ಜೇಬಿನಲ್ಲಿರುವ ಮೊಬೈಲೇ ವಿಶ್ವ ಚಾಂಪಿಯನ್ನನ್ನು ಮೀರಿಸುತ್ತದೆ. ಆದ್ದರಿಂದ ಆಟಗಾರನ ನಡೆಗಳನ್ನು ಕಂಪ್ಯೂಟರಿನ ನಡೆಗಳ ಜೊತೆ ಹೋಲಿಸುತ್ತಾರೆ. ಸಮಯವನ್ನೂ ಗಮನಿಸುತ್ತಾರೆ. ಮನುಷ್ಯ ಸುಲಭದ ನಡೆಗೆ ಕ್ಷಣ, ಕಷ್ಟದ ನಡೆಗೆ ನಿಮಿಷಗಟ್ಟಲೆ ತೆಗೆದುಕೊಳ್ಳುತ್ತಾನೆ. ಎರಡಕ್ಕೂ ಒಂದೇ ಹೊತ್ತು ಹಿಡಿದರೆ ಸಂಶಯ ಹುಟ್ಟುತ್ತದೆ. ದೊಡ್ಡ ಟೂರ್ನಿಗಳಲ್ಲಿ ಕ್ಯಾಮೆರಾ ಇಡಲು ಹೇಳುವುದೂ ಇದೆ.

ಇದರ ಇನ್ನೊಂದು ಮುಖವನ್ನು ಪಾಲಕರು ಗಮನಿಸಬೇಕು. ಸಣ್ಣ ಊರಿನ ಹುಡುಗಿ ಒಮ್ಮೆಲೇ ಚೆನ್ನಾಗಿ ಆಡಿದರೆ ಅವಳ ಮೇಲೂ ಸಂಶಯ ಬರಬಹುದು. ಆಗ ಅವಳನ್ನು ಕಾಯುವುದು ಆ ಕ್ಯಾಮೆರಾವೇ. ಹಿಂದೆ ನಿಂತು ಕುದುರೆ ನಡೆಸು ಎಂದು ಪಿಸುಗುಟ್ಟುವ ಅಣ್ಣ, ಪ್ರೀತಿಯಿಂದಲೇ ಆದರೂ, ಅವಳ ಹೆಸರಿಗೆ ಮಸಿ ಬಳಿಯುತ್ತಾನೆ.

ಬಂದೂಕಿನ ಆಟಗಳಲ್ಲೂ ಇದೇ ಕಥೆ. 2018ರ ಅಕ್ಟೋಬರಿನಲ್ಲಿ ಶಾಂಘೈನಲ್ಲಿ ನಡೆದ ಕೌಂಟರ್-ಸ್ಟ್ರೈಕ್ ಟೂರ್ನಿಯಲ್ಲಿ ಆಪ್ಟಿಕ್ ಇಂಡಿಯಾ ತಂಡದ ಒಬ್ಬ ಆಟಗಾರನ ಕಂಪ್ಯೂಟರಿನಲ್ಲಿ ಗುರಿ ಹಿಡಿಯಲು ನೆರವಾಗುವ ಕಳ್ಳ ಪ್ರೋಗ್ರಾಂ ಸಿಕ್ಕಿತು. ಅದಕ್ಕೆ 'ವರ್ಡ್' ಎಂದು ಹೆಸರಿಟ್ಟು ಅಡಗಿಸಲಾಗಿತ್ತು. ಅವನಿಗೆ ಐದು ವರ್ಷ ನಿಷೇಧವಾಯಿತು. ತಂಡ ಟೂರ್ನಿಯಿಂದ ಹೊರಬಿತ್ತು, ಆಮೇಲೆ ಒಡೆದೇ ಹೋಯಿತು. ಉಳಿದ ನಾಲ್ವರು ಮಾಡಿದ ತಪ್ಪೇನು?

ಇನ್ನು ಯಾರ ತಪ್ಪೂ ಇಲ್ಲದೆ ಆಟ ಕೆಡುವುದುಂಟು. 2020ರ ಆಗಸ್ಟ್ 30ರಂದು ಆನ್‌ಲೈನ್ ಚೆಸ್ ಒಲಿಂಪಿಯಾಡಿನ ಫೈನಲ್‌ನಲ್ಲಿ ಭಾರತದ ನಿಹಾಲ್ ಸರೀನ್ ಮತ್ತು ದಿವ್ಯಾ ದೇಶಮುಖ್ ಅವರ ಇಂಟರ್ನೆಟ್ ಸಂಪರ್ಕ ಕಡಿಯಿತು. ಗಡಿಯಾರ ಮಾತ್ರ ನಿಲ್ಲಲಿಲ್ಲ. ಇಬ್ಬರೂ ಸಮಯ ಮೀರಿ ಸೋತರು. ಭಾರತ ದೂರು ಕೊಟ್ಟ ಮೇಲೆ ವಿಶ್ವ ಚೆಸ್ ಸಂಸ್ಥೆ ಫಿಡೆ, ಭಾರತ ಮತ್ತು ರಷ್ಯಾ ಎರಡಕ್ಕೂ ಚಿನ್ನ ಕೊಟ್ಟಿತು. ಪ್ರತಿ ಟೂರ್ನಿಯಲ್ಲೂ ಹೀಗೆ ಕೇಳುವವರು ಇರುವುದಿಲ್ಲ. ಮಗನ ಹೆಸರು ಬರೆಸುವ ಮೊದಲು, ಆಟದ ನಡುವೆ ಕರೆಂಟ್ ಹೋದರೆ ಏನೆಂಬ ನಿಯಮವನ್ನು ಓದಿಕೊಳ್ಳಿ. ಮಳೆಗಾಲದಲ್ಲಂತೂ ಚಾರ್ಜ್ ಆದ ಇನ್ನೊಂದು ಮೊಬೈಲ್ ಮನೆಯಲ್ಲಿರಲಿ, ಆದರೆ ಅದು ಇರಬೇಕಾದ್ದು ಅಪ್ಪನ ಕೈಯಲ್ಲಿ.